ಯೋಜನೆಗೆ ಮುನ್ನ ಪರಿಶೀಲನೆ: ಪರಿಸರ ಆಘಾತ ಅಂದಾಜೀಕರಣದ ಮೊದಲೆರಡು ಹಂತಗಳು

ಗುಜರಾತಿನ ವಡೋದರ ನಗರದ ದಕ್ಷಿಣ ಭಾಗದಲ್ಲಿ ಮಕರಪುರ ಎಂಬ ಪ್ರದೇಶವಿದೆ. ಗಾಯಕವಾಡ ಅರಸರ ಕಾಲದ ಅರಮನೆಯೊಂದು ಇಲ್ಲಿದೆ. ಗುಜರಾತ್ ಕೈಗಾರಿಕಾ ಅಭಿವೃದ್ಧಿ ನಿಗಮದ ವಿಶಾಲವಾದ ಕೈಗಾರಿಕಾ ವಸಾಹತು ಇಲ್ಲಿದೆ. ಸೂರತ್ ಮತ್ತು ಮುಂಬಯಿಯ ಕಡೆಗೆ ಸಾಗುವ ರೈಲುಮಾರ್ಗವೂ ಇಲ್ಲಿಯೇ ಹಾದುಹೋಗುತ್ತದೆ. ‘ಮಕರ’ ಎಂದರೆ ಮೊಸಳೆ ಎಂಬುದು ಕನ್ನಡಿಗರಿಗೆ ತಿಳಿದ ಅರ್ಥ. ಈ ನಗರದ ಮಟ್ಟಿಗೆ ಅದು ನಿಘಂಟಿನ ಅರ್ಥವಷ್ಟೇ ಅಲ್ಲ. ನಗರದ ನಡುವೆ ಹರಿಯುವ ವಿಶ್ವಾಮಿತ್ರಿ ನದಿಯಲ್ಲಿ ಇಂದಿಗೂ ನೂರಾರು ಮೊಸಳೆಗಳು ವಾಸಿಸುತ್ತಿವೆ. ಲಕ್ಷಾಂತರ ಜನರು ನೆಲೆಸಿರುವ ನಗರವೊಂದರ ಮಧ್ಯದಲ್ಲಿ ಇಷ್ಟು ಸಂಖ್ಯೆಯ ಮೊಸಳೆಗಳು ಬದುಕಿರುವುದು ಅಪರೂಪದ ಸಂಗತಿ.

ಅಹಮದಾಬಾದ್, ವಡೋದರ ಮತ್ತು ಸೂರತ್ ನಗರಗಳನ್ನು ಜೋಡಿಸುವ ಈ ಪಟ್ಟಿಯಲ್ಲಿ ಹೆದ್ದಾರಿ, ದ್ರುತಗತಿ ಮಾರ್ಗ, ರೈಲುಹಾದಿ, ಕೊಳವೆಮಾರ್ಗ ಮತ್ತು ಕೈಗಾರಿಕಾ ವಸಾಹತುಗಳು ಒಂದರ ಪಕ್ಕದಲ್ಲಿ ಒಂದು ನಿರ್ಮಾಣಗೊಂಡಿವೆ. ಇಂತಹ ಯೋಜನೆಗಳು ನಾಡಿನ ಬೆಳವಣಿಗೆಗೆ ಅಗತ್ಯವೆಂಬುದರಲ್ಲಿ ಸಂಶಯವಿಲ್ಲ. ಆದರೆ ಪ್ರತಿಯೊಂದು ನಿರ್ಮಾಣವೂ ನೆಲದ ಇಳಿಜಾರನ್ನು, ನೀರಿನ ಹರಿವನ್ನು ಮತ್ತು ಜೀವಿಗಳ ನೆಲೆಯನ್ನು ಅಷ್ಟಿಷ್ಟು ಬದಲಿಸುತ್ತದೆ. ಆ ಬದಲಾವಣೆಯ ಸ್ವರೂಪವನ್ನು ಕಾಮಗಾರಿ ಆರಂಭವಾಗುವ ಮೊದಲೇ ಅರಿತುಕೊಳ್ಳುವ ವಿಧಾನವೇ ಪರಿಸರ ಆಘಾತ ಅಂದಾಜೀಕರಣ. ಈ ವಿಧಾನದ ಮೊದಲೆರಡು ಹಂತಗಳಾದ ಪ್ರಾಥಮಿಕ ಪರಿಶೀಲನೆ ಮತ್ತು ವ್ಯಾಪ್ತಿ ನಿರ್ಣಯಗಳ ಪರಿಚಯ ಮಾಡಿಕೊಡುವುದು ಈ ಲೇಖನದ ಉದ್ದೇಶ.

ಶಾಸನದ ಹಿನ್ನೆಲೆ

ಯೋಜನೆಗೆ ಮುನ್ನ ಅದರ ಪರಿಣಾಮಗಳನ್ನು ಅಧ್ಯಯನ ಮಾಡಬೇಕೆಂಬ ನಿಯಮವು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 1970ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಪರಿಸರ ನೀತಿ ಕಾಯಿದೆಯ ಮೂಲಕ ಮೊದಲಿಗೆ ಶಾಸನದ ರೂಪ ಪಡೆಯಿತು. ಭಾರತದಲ್ಲಿ 1970ರ ದಶಕದ ಉತ್ತರಾರ್ಧದಲ್ಲಿ ನದಿಕಣಿವೆ ಯೋಜನೆಗಳನ್ನು ಪರಿಸರದ ದೃಷ್ಟಿಯಿಂದ ಪರಿಶೀಲಿಸುವ ಪದ್ಧತಿ ಆರಂಭವಾಯಿತು. ಆಗ ಅದು ಆಡಳಿತಾತ್ಮಕ ಕ್ರಮವಾಗಿತ್ತೇ ಹೊರತು ಕಾನೂನಿನ ಬಲ ಅದಕ್ಕಿರಲಿಲ್ಲ. ಭೋಪಾಲ್ ಅನಿಲ ದುರಂತದ ತರುವಾಯ 1986ರಲ್ಲಿ ಪರಿಸರ ಸಂರಕ್ಷಣಾ ಕಾಯಿದೆಯು ಜಾರಿಗೆ ಬಂದಿತು. ಈ ಕಾಯಿದೆಯ ಅನ್ವಯ 1994ರ ಜನವರಿ 27ರಂದು ಹೊರಡಿಸಿದ ಅಧಿಸೂಚನೆಯು ಕೆಲವು ವರ್ಗಗಳ ಯೋಜನೆಗಳಿಗೆ ಅಧ್ಯಯನವನ್ನು ಕಡ್ಡಾಯಗೊಳಿಸಿತು. 1997ರ ತಿದ್ದುಪಡಿಯು ಸಾರ್ವಜನಿಕ ಅಹವಾಲು ಸಭೆಯನ್ನು ಸೇರಿಸಿತು. 2006ರ ಸೆಪ್ಟೆಂಬರ್ 14ರ ಅಧಿಸೂಚನೆಯು ಹಳೆಯದರ ಸ್ಥಾನದಲ್ಲಿ ಬಂದಿತು. ಅಲ್ಲಿಂದೀಚೆಗೆ ಅನೇಕ ತಿದ್ದುಪಡಿಗಳಾಗಿದ್ದರೂ ಅದರ ಮೂಲ ಚೌಕಟ್ಟು ಹಾಗೆಯೇ ಉಳಿದಿದೆ.

2006ರ ಅಧಿಸೂಚನೆಯ ಪ್ರಕಾರ ಪರಿಸರ ಪೂರ್ವಾನುಮತಿಗೆ ನಾಲ್ಕು ಹಂತಗಳಿವೆ. ಅಧ್ಯಯನ ಬೇಕೆ ಬೇಡವೆ ಎಂಬ ಪ್ರಾಥಮಿಕ ಪರಿಶೀಲನೆ ಮೊದಲನೆಯದು. ಏನನ್ನು ಅಧ್ಯಯನ ಮಾಡಬೇಕು ಎಂಬ ವ್ಯಾಪ್ತಿ ನಿರ್ಣಯ ಎರಡನೆಯದು. ಸಾರ್ವಜನಿಕರೊಡನೆ ಸಮಾಲೋಚನೆ ಮೂರನೆಯದು. ಪರಿಣತರ ಸಮಿತಿಯ ಮೌಲ್ಯಮಾಪನ ನಾಲ್ಕನೆಯದು. ಜನರ ಗಮನ ಸಾಮಾನ್ಯವಾಗಿ ಮೂರನೆಯ ಹಂತದ ಮೇಲಿರುತ್ತದೆ. ಆದರೆ ಮೊದಲ ಹಂತದಲ್ಲಿ ಹೊರಗುಳಿದ ಯೋಜನೆಯು ಮೂರನೆಯ ಹಂತವನ್ನು ತಲುಪುವುದೇ ಇಲ್ಲ. ಎರಡನೆಯ ಹಂತದಲ್ಲಿ ಕೇಳದೆ ಬಿಟ್ಟ ಪ್ರಶ್ನೆಗೆ ವರದಿಯಲ್ಲಿ ಉತ್ತರ ದೊರೆಯುವುದೂ ಕಷ್ಟ.

ಪ್ರಾಥಮಿಕ ಪರಿಶೀಲನೆ

ಈ ಹಂತವನ್ನು ಕಣದಲ್ಲಿ ಕಾಳು ಜರಡಿ ಹಿಡಿಯುವ ಕೆಲಸಕ್ಕೆ ಹೋಲಿಸಬಹುದು. ಜರಡಿಯ ಕಣ್ಣು ಅತಿ ಸಣ್ಣದಾದರೆ ಚಿಕ್ಕಪುಟ್ಟ ಕೆಲಸಗಳೂ ವರ್ಷಗಟ್ಟಲೆ ತಡೆಹಿಡಿಯಲ್ಪಡುತ್ತವೆ. ಅತಿ ದೊಡ್ಡದಾದರೆ ತಡೆಯಬೇಕಾದುದೂ ಕೆಳಗೆ ಜಾರಿಹೋಗುತ್ತದೆ. ನಮ್ಮ ದೇಶದಲ್ಲಿ ಈ ಜರಡಿಯು ಒಂದು ಅನುಸೂಚಿಯ ರೂಪದಲ್ಲಿದೆ. ಗಣಿಗಾರಿಕೆ, ವಿದ್ಯುದುತ್ಪಾದನೆ, ವಿಮಾನ ನಿಲ್ದಾಣ, ಬಂದರು, ಹೆದ್ದಾರಿ, ಕೈಗಾರಿಕಾ ವಸಾಹತು, ಬೃಹತ್ ಕಟ್ಟಡ ಮುಂತಾದವುಗಳನ್ನು ಅದರಲ್ಲಿ ಹೆಸರಿಸಿ, ಪ್ರತಿಯೊಂದಕ್ಕೂ ಗಾತ್ರದ ಮಿತಿಯನ್ನು ಗೊತ್ತುಪಡಿಸಲಾಗಿದೆ.

ಅನುಸೂಚಿಯಲ್ಲಿರುವ ಯೋಜನೆಗಳಲ್ಲಿ ಎರಡು ವರ್ಗಗಳಿವೆ. ‘ಎ’ ವರ್ಗದವುಗಳನ್ನು ಕೇಂದ್ರ ಪರಿಸರ ಸಚಿವಾಲಯವು ಪರಿಣತರ ಮೌಲ್ಯಮಾಪನ ಸಮಿತಿಯ ನೆರವಿನಿಂದ ಪರಿಶೀಲಿಸುತ್ತದೆ. ‘ಬಿ’ ವರ್ಗದವುಗಳನ್ನು ರಾಜ್ಯ ಮಟ್ಟದ ಪರಿಸರ ಆಘಾತ ಅಂದಾಜೀಕರಣ ಪ್ರಾಧಿಕಾರವು ಪರಿಶೀಲಿಸುತ್ತದೆ. ‘ಬಿ’ ವರ್ಗವನ್ನು ಮತ್ತೆ ಎರಡಾಗಿ ವಿಂಗಡಿಸಲಾಗಿದೆ: ‘ಬಿ 1’ ಯೋಜನೆಗೆ ಪೂರ್ಣ ಅಧ್ಯಯನ ವರದಿ ಬೇಕು, ‘ಬಿ 2’ ಯೋಜನೆಗೆ ಬೇಡ. ಯೋಜನೆಯ ಗಾತ್ರದಷ್ಟೇ ಅದರ ನೆಲೆಯೂ ಮುಖ್ಯವಾದುದು. ಸಂರಕ್ಷಿತ ವನ್ಯಜೀವಿ ಪ್ರದೇಶ, ತೀವ್ರವಾಗಿ ಮಲಿನಗೊಂಡ ಪ್ರದೇಶ, ಪರಿಸರ ಸೂಕ್ಷ್ಮ ಪ್ರದೇಶ ಅಥವಾ ಅಂತರರಾಜ್ಯ ಗಡಿಯ ಸಮೀಪದಲ್ಲಿ ‘ಬಿ’ ವರ್ಗದ ಯೋಜನೆಯೊಂದು ಬಂದರೆ ‘ಸಾಮಾನ್ಯ ಷರತ್ತು’ ಅನ್ವಯವಾಗುವ ಬಾಬುಗಳಲ್ಲಿ ಅದನ್ನು ಕೇಂದ್ರ ಮಟ್ಟದಲ್ಲಿ ಪರಿಶೀಲಿಸಬೇಕಾಗುತ್ತದೆ. ಈ ಸಾಮೀಪ್ಯದ ಮಿತಿ ಆರಂಭದಲ್ಲಿ 10 ಕಿಲೋಮೀಟರ್ ಇದ್ದುದು 2014ರಲ್ಲಿ 5 ಕಿಲೋಮೀಟರಿಗೆ ಇಳಿಯಿತು.

ಅನುಸೂಚಿ ಪದ್ಧತಿಯಿಂದ ಅನುಕೂಲವೂ ಇದೆ, ತೊಡಕೂ ಇದೆ. ನಿಯಮ ಸ್ಪಷ್ಟವಾಗಿರುವುದರಿಂದ ಅಧಿಕಾರಿಯ ಮರ್ಜಿಗೆ ಅವಕಾಶ ಕಡಿಮೆ, ಇದು ಅನುಕೂಲ. ಪಟ್ಟಿಯಲ್ಲಿ ಹೆಸರಿಲ್ಲದ ಯೋಜನೆಯು ಎಷ್ಟೇ ದೊಡ್ಡದಾಗಿದ್ದರೂ ಈ ಅಧಿಸೂಚನೆಯ ಪರಿಶೀಲನೆಯಿಂದ ಹೊರಗುಳಿಯುತ್ತದೆ, ಇದು ತೊಡಕು.

ಪಟ್ಟಿಯ ಹೊರಗಿನ ಯೋಜನೆಗಳು

ರೈಲುಮಾರ್ಗವು 2006ರ ಅನುಸೂಚಿಯಲ್ಲಿ ಇಲ್ಲ. ಮುಂಬಯಿ–ಅಹಮದಾಬಾದ್ ಅತಿವೇಗದ ರೈಲುಮಾರ್ಗವು ಇದಕ್ಕೆ ತಕ್ಕ ನಿದರ್ಶನ. ಸುಮಾರು 508 ಕಿಲೋಮೀಟರ್ ಉದ್ದದ ಈ ಮಾರ್ಗಕ್ಕೆ 2017ರ ಸೆಪ್ಟೆಂಬರ್ 14ರಂದು ಶಂಕುಸ್ಥಾಪನೆಯಾಯಿತು. ಅದರ ಬಹುಭಾಗ, ಅಂದರೆ ಸುಮಾರು 350 ಕಿಲೋಮೀಟರಿನಷ್ಟು, ಗುಜರಾತಿನಲ್ಲಿದೆ. ಸೂರತ್, ಭರೂಚ್, ವಡೋದರ, ಆಣಂದ್ ಮತ್ತು ಅಹಮದಾಬಾದುಗಳು ಅದರ ನಿಲ್ದಾಣಗಳಲ್ಲಿ ಸೇರಿವೆ. ತಾಪಿ, ನರ್ಮದಾ, ಮಹೀ ಮುಂತಾದ ನದಿಗಳನ್ನು ದಾಟುವ ಈ ಮಾರ್ಗವು ವಡೋದರದ ಆಸುಪಾಸಿನಲ್ಲಿ ವಿಶ್ವಾಮಿತ್ರಿಯನ್ನೂ ದಾಟುತ್ತದೆ. ಆದರೂ 2006ರ ಅಧಿಸೂಚನೆಯಡಿ ಇದಕ್ಕೆ ಪೂರ್ವಾನುಮತಿಯ ಅಗತ್ಯ ಬೀಳಲಿಲ್ಲ.

ಹಾಗೆಂದು ಈ ಯೋಜನೆಗೆ ಅಧ್ಯಯನವೇ ನಡೆಯಲಿಲ್ಲವೆಂದು ತಿಳಿಯಬಾರದು. ಯೋಜನೆಗೆ ಸಾಲ ನೀಡಿದ ಜಪಾನ್ ಅಂತರರಾಷ್ಟ್ರೀಯ ಸಹಕಾರ ಸಂಸ್ಥೆಯು ತನ್ನದೇ ಆದ ಪರಿಸರ ಮಾರ್ಗಸೂಚಿಗಳನ್ನು ಹೊಂದಿದೆ. ಗಂಭೀರ ಪರಿಣಾಮಗಳನ್ನು ಉಂಟುಮಾಡಬಹುದಾದ ಯೋಜನೆಗಳನ್ನು ಆ ಮಾರ್ಗಸೂಚಿಗಳು ‘ಎ’ ವರ್ಗಕ್ಕೆ ಸೇರಿಸುತ್ತವೆ. ಈ ಮಾರ್ಗವೂ ಅದೇ ವರ್ಗಕ್ಕೆ ಸೇರಿದ್ದರಿಂದ ಪರಿಸರ ಆಘಾತ ವರದಿ ಸಿದ್ಧವಾಯಿತು. ಅರಣ್ಯ, ವನ್ಯಜೀವಿ ಮತ್ತು ಕರಾವಳಿ ನಿಯಂತ್ರಣ ವಲಯಗಳಿಗೆ ಸಂಬಂಧಿಸಿದ ಅನುಮತಿಗಳನ್ನು ಬೇರೆ ಬೇರೆ ಕಾನೂನುಗಳಡಿ ಪಡೆಯಬೇಕಾಯಿತು. ಒಂದೇ ಯೋಜನೆಯು ಒಂದು ಜರಡಿಯಲ್ಲಿ ಕೆಳಗಿಳಿದು ಇನ್ನೊಂದು ಜರಡಿಯಲ್ಲಿ ಮೇಲೆ ಉಳಿಯಿತು ಎಂಬುದನ್ನು ಇಲ್ಲಿ ಗಮನಿಸಬೇಕು.

ಪರಿಶೀಲನೆಯಿಂದ ಆದ ಪ್ರಯೋಜನವನ್ನೂ ಇದೇ ಯೋಜನೆಯಲ್ಲಿ ಕಾಣಬಹುದು. ಮಹಾರಾಷ್ಟ್ರದ ಭಾಗದಲ್ಲಿ ಮೊದಲಿಗೆ ಸುಮಾರು 53,000 ಕಾಂಡ್ಲಾ ಮರಗಳನ್ನು ಕಡಿಯಬೇಕಾಗುವುದೆಂದು ಅಂದಾಜು ಮಾಡಲಾಗಿತ್ತು. ಠಾಣೆ ನಿಲ್ದಾಣದ ವಿನ್ಯಾಸವನ್ನು ಬದಲಿಸಿ, ವಾಹನ ನಿಲುಗಡೆ ಮುಂತಾದ ಸೌಕರ್ಯಗಳನ್ನು ಕಾಂಡ್ಲಾ ವನದ ಹೊರಗೆ ಸ್ಥಳಾಂತರಿಸಿದ ಮೇಲೆ ಈ ಸಂಖ್ಯೆ ಸುಮಾರು 22,000ಕ್ಕೆ ಇಳಿಯಿತು. 2022ರ ಡಿಸೆಂಬರಿನಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಇಷ್ಟು ಮರಗಳ ಕಡಿತಕ್ಕೆ ಷರತ್ತುಗಳೊಡನೆ ಅನುಮತಿ ನೀಡಿತು. ಠಾಣೆ ಖಾರಿಯಲ್ಲಿ ರಾಜಹಂಸಗಳ ಅಭಯಾರಣ್ಯವಿರುವ ಕಾರಣ ಆ ಭಾಗದಲ್ಲಿ ಮಾರ್ಗವನ್ನು ನೀರಿನ ತಳದ ಸುರಂಗದಲ್ಲಿ ಒಯ್ಯಲು ನಿರ್ಧರಿಸಲಾಯಿತು. ಯೋಜನೆ ನಿಲ್ಲಲಿಲ್ಲ, ಆದರೆ ಪ್ರಶ್ನೆ ಕೇಳಿದ್ದರಿಂದ ಸಾವಿರಾರು ಮರಗಳು ಉಳಿದವು.

ಕರ್ನಾಟಕದ ಎತ್ತಿನಹೊಳೆ ಯೋಜನೆಯೂ ಪ್ರಾಥಮಿಕ ಪರಿಶೀಲನೆಯ ಪ್ರಶ್ನೆಯನ್ನು ಮುಂದೊಡ್ಡಿತು. ಪಶ್ಚಿಮ ಘಟ್ಟದ ಹೊಳೆಗಳಿಂದ ಸುಮಾರು 24 ಟಿ.ಎಂ.ಸಿ. ಅಡಿ ನೀರನ್ನು ಎತ್ತಿ ಕೋಲಾರ, ಚಿಕ್ಕಬಳ್ಳಾಪುರ ಮೊದಲಾದ ಬರಪೀಡಿತ ಜಿಲ್ಲೆಗಳಿಗೆ ಒದಗಿಸುವುದು ಇದರ ಗುರಿ. ನದಿಕಣಿವೆ ಯೋಜನೆಗಳ ಬಾಬಿನಲ್ಲಿ ಜಲವಿದ್ಯುತ್ ಮತ್ತು ನೀರಾವರಿಗೆ ಮಿತಿಗಳನ್ನು ಹೇಳಿದೆ. ಕುಡಿಯುವ ನೀರಿನ ಯೋಜನೆಗೆ ಹೇಳಿಲ್ಲ. ಇದು ಕುಡಿಯುವ ನೀರಿನ ಯೋಜನೆಯಾದುದರಿಂದ ಪೂರ್ವಾನುಮತಿ ಬೇಡವೆಂಬುದು ಸರ್ಕಾರದ ನಿಲುವಾಗಿತ್ತು. ಘಟ್ಟದ ಕಾಡಿನಲ್ಲಿ ಅಣೆ ಕಟ್ಟಿ ಕೊಳವೆ ಹಾಯಿಸುವ ಕೆಲಸದ ಪರಿಣಾಮವು ನೀರಿನ ಬಳಕೆಯ ಉದ್ದೇಶದಿಂದ ಬದಲಾಗದೆಂಬುದು ಆಕ್ಷೇಪಿಸಿದವರ ವಾದವಾಗಿತ್ತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2019ರಲ್ಲಿ ಆಕ್ಷೇಪಣೆಗಳನ್ನು ತಳ್ಳಿಹಾಕಿತು. 2024ರ ಸೆಪ್ಟೆಂಬರಿನಲ್ಲಿ ಯೋಜನೆಯ ಮೊದಲ ಹಂತ ಉದ್ಘಾಟನೆಗೊಂಡಿತು. ಒಂದು ಕಡೆ ಬಾಯಾರಿದ ಜಿಲ್ಲೆಗಳು, ಇನ್ನೊಂದು ಕಡೆ ಘಟ್ಟದ ಹೊಳೆಗಳು. ಇವೆರಡರ ನಡುವಿನ ತೂಕ ಅನುಸೂಚಿಯ ಒಂದು ಬಾಬಿನ ಅರ್ಥವನ್ನು ಅವಲಂಬಿಸಿತ್ತು.

ಯೋಜನೆಯನ್ನು ತುಂಡು ಮಾಡುವ ಪ್ರಶ್ನೆ

ಗಾತ್ರದ ಮಿತಿ ಇರುವಲ್ಲೆಲ್ಲ ಇನ್ನೊಂದು ಸಮಸ್ಯೆ ಹುಟ್ಟುತ್ತದೆ. 2013ರ ತಿದ್ದುಪಡಿಯ ನಂತರ ರಾಷ್ಟ್ರೀಯ ಹೆದ್ದಾರಿಯ ವಿಸ್ತರಣೆಗೆ ಪೂರ್ವಾನುಮತಿ ಬೇಕಾಗಬೇಕಾದರೆ ಅದು 100 ಕಿಲೋಮೀಟರಿಗಿಂತ ಉದ್ದವಿರಬೇಕು. ಜೊತೆಗೆ, ಈಗಿರುವ ಹಾದಿಯಲ್ಲಿ 40 ಮೀಟರಿಗಿಂತ ಹೆಚ್ಚು, ಹೊಸ ಹಾದಿ ಅಥವಾ ಬಳಸುದಾರಿಯಲ್ಲಿ 60 ಮೀಟರಿಗಿಂತ ಹೆಚ್ಚು ಅಗಲದ ಹೆಚ್ಚುವರಿ ಭೂಮಿ ಬೇಕಾಗಿರಬೇಕು. ಹೀಗಿರುವಾಗ ಉದ್ದನೆಯ ಹೆದ್ದಾರಿಯೊಂದನ್ನು ನೂರು ಕಿಲೋಮೀಟರಿಗಿಂತ ಕಡಿಮೆಯ ತುಂಡುಗಳಾಗಿ ವಿಂಗಡಿಸಿದರೆ ಏನಾಗುತ್ತದೆ? ತಮಿಳುನಾಡಿನ ವಿಲ್ಲುಪುರಂ–ನಾಗಪಟ್ಟಿಣಂ ಹೆದ್ದಾರಿಯ ಪ್ರಕರಣದಲ್ಲಿ ಈ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. ಕಾಮಗಾರಿಯ ಅನುಕೂಲಕ್ಕಾಗಿ ವಿಭಜಿಸುವುದು ಬೇರೆ, ಪರಿಸರ ಅನುಮತಿಯನ್ನು ತಪ್ಪಿಸಿಕೊಳ್ಳುವ ತಂತ್ರವಾಗಿ ವಿಭಜಿಸುವುದು ಬೇರೆ. ಎರಡನೆಯದು ಸಲ್ಲದೆಂಬುದು 2021ರ ಜನವರಿಯ ತೀರ್ಪಿನ ಸಾರ. ನದಿಗೆ, ಕಾಡಿಗೆ ಮತ್ತು ಜನವಸತಿಗೆ ಆಗುವ ಪರಿಣಾಮವು ಕಡತದ ತುಂಡುಗಳಿಗೆ ಅನುಗುಣವಾಗಿ ಒಡೆಯುವುದಿಲ್ಲ ಎಂಬುದು ಇದರ ಹಿಂದಿನ ತತ್ತ್ವ.

ವ್ಯಾಪ್ತಿ ನಿರ್ಣಯ

ಅಧ್ಯಯನ ಬೇಕೆಂದು ತೀರ್ಮಾನವಾದ ಮೇಲೆ ಏನನ್ನು, ಎಲ್ಲಿ, ಯಾವ ಕಾಲದಲ್ಲಿ, ಎಷ್ಟು ಆಳವಾಗಿ ಅಧ್ಯಯನ ಮಾಡಬೇಕೆಂಬುದನ್ನು ಗೊತ್ತುಪಡಿಸಬೇಕು. ಯೋಜನೆಯ ಪ್ರವರ್ತಕರು ಸಲ್ಲಿಸುವ ಅರ್ಜಿ ಮತ್ತು ಪೂರ್ವ ಸಾಧ್ಯತಾ ವರದಿಯ ಆಧಾರದ ಮೇಲೆ ಪರಿಣತರ ಸಮಿತಿಯು ಅಧ್ಯಯನದ ಅಂಶಪಟ್ಟಿಯನ್ನು ಸಿದ್ಧಪಡಿಸುತ್ತದೆ. ಅಗತ್ಯವೆನಿಸಿದರೆ ಸಮಿತಿಯ ಸದಸ್ಯರು ಸ್ಥಳಪರೀಕ್ಷೆ ನಡೆಸಬಹುದು. ಹೀಗೆ ಸಿದ್ಧವಾದ ಅಂಶಪಟ್ಟಿಯನ್ನು ಸಾರ್ವಜನಿಕರ ಅವಗಾಹನೆಗಾಗಿ ಜಾಲತಾಣದಲ್ಲಿ ಪ್ರಕಟಿಸಬೇಕೆಂದು ಅಧಿಸೂಚನೆ ಹೇಳುತ್ತದೆ. 2015ರಲ್ಲಿ ಸಚಿವಾಲಯವು ವಿವಿಧ ವಲಯಗಳಿಗೆ ಮಾದರಿ ಅಂಶಪಟ್ಟಿಗಳನ್ನು ಪ್ರಕಟಿಸಿತು. ಇದರಿಂದ ಕಾಲ ಉಳಿತಾಯವಾಗುತ್ತದೆ. ಆದರೆ ಸಿದ್ಧ ಉಡುಪು ಎಲ್ಲರ ಮೈಗೂ ಒಪ್ಪದಂತೆ ಮಾದರಿ ಪಟ್ಟಿಯೂ ಎಲ್ಲ ನೆಲಕ್ಕೂ ಒಪ್ಪುವುದಿಲ್ಲ.

ಈ ಮಾತನ್ನು ವಿಶ್ವಾಮಿತ್ರಿಯ ಉದಾಹರಣೆಯಿಂದ ಸ್ಪಷ್ಟಪಡಿಸಬಹುದು. ಪಾವಾಗಢ ಬೆಟ್ಟದಲ್ಲಿ ಹುಟ್ಟುವ ಈ ನದಿ ವಡೋದರವನ್ನು ಹಾದು, ಮುಂದೆ ಢಾಢರ್ ನದಿಯನ್ನು ಕೂಡಿ ಖಂಭಾತ್ ಕೊಲ್ಲಿಯನ್ನು ಸೇರುತ್ತದೆ. ನಗರದ ಮೇಲ್ಭಾಗದಲ್ಲಿರುವ ಅಜವಾ ಜಲಾಶಯದಿಂದ ಬಿಡುವ ನೀರೂ ಇದನ್ನು ಸೇರುತ್ತದೆ. ನದಿಯ ಅಂಕುಡೊಂಕಾದ ಪಾತ್ರ, ಎತ್ತರದ ಮಣ್ಣಿನ ದಡಗಳು ಮತ್ತು ಕೊರಕಲುಗಳು ಮಳೆಗಾಲದ ನೀರಿಗೆ ಹರಡಿಕೊಳ್ಳಲು ಎಡೆಮಾಡಿಕೊಡುತ್ತವೆ. ಇಂತಹ ನದಿಯ ಮೇಲೆ ಸೇತುವೆಯನ್ನೋ ದಂಡೆಯ ಮೇಲೆ ರಸ್ತೆಯನ್ನೋ ಕಟ್ಟುವುದಾದರೆ ಅಂಶಪಟ್ಟಿಯಲ್ಲಿ ಏನಿರಬೇಕು?

ಮೊದಲನೆಯದಾಗಿ, ಕಾಲದ ಪ್ರಶ್ನೆ. ಅನೇಕ ಯೋಜನೆಗಳಿಗೆ ಮಳೆಗಾಲವನ್ನು ಬಿಟ್ಟು ಉಳಿದ ಒಂದು ಋತುವಿನ ಮಾಹಿತಿಯನ್ನು ಸಂಗ್ರಹಿಸುವುದು ರೂಢಿ. ಗಾಳಿಯ ಗುಣಮಟ್ಟದ ಅಳತೆಗೆ ಅದು ಸಾಲಬಹುದು. ಆದರೆ ಚಳಿಗಾಲದಲ್ಲಿ ವಿಶ್ವಾಮಿತ್ರಿಯನ್ನು ನೋಡಿದವರಿಗೆ ಶ್ರಾವಣದ ವಿಶ್ವಾಮಿತ್ರಿಯ ಕಲ್ಪನೆ ಬರುವುದಿಲ್ಲ. 2024ರ ಆಗಸ್ಟ್ ಕೊನೆಯ ವಾರದಲ್ಲಿ ನದಿ ಉಕ್ಕಿ ನಗರದ ಅನೇಕ ಬಡಾವಣೆಗಳು ಜಲಾವೃತವಾದವು; ಮೊಸಳೆಗಳು ಬೀದಿಗಳಿಗೂ ಮನೆಗಳ ಅಂಗಳಕ್ಕೂ ಬಂದವು; ಅರಣ್ಯ ಇಲಾಖೆಯವರೂ ಸ್ವಯಂಸೇವಕರೂ ಅವುಗಳನ್ನು ಹಿಡಿದು ಸಾಗಿಸಬೇಕಾಯಿತು. ಮಳೆಗಾಲದ ಪ್ರವಾಹಮಟ್ಟ ಮತ್ತು ನೀರು ಹರಡುವ ಬಯಲಿನ ಎಲ್ಲೆಗಳನ್ನು ಅಂಶಪಟ್ಟಿಯಲ್ಲಿ ಕೇಳದಿದ್ದರೆ ವರದಿಯು ನಿಯಮಕ್ಕೆ ಅನುಗುಣವಾಗಿದ್ದೂ ನಿರುಪಯುಕ್ತವಾಗಬಹುದು.

ಎರಡನೆಯದಾಗಿ, ಜೀವಿಗಳ ಪ್ರಶ್ನೆ. ಇಲ್ಲಿಯ ಮೊಸಳೆಯು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೆಯ ಅನುಸೂಚಿಗೆ ಸೇರಿದ ಪ್ರಾಣಿ. ಅದು ದಡದ ಮಣ್ಣಿನಲ್ಲಿ ಬಿಲ ತೋಡಿಕೊಳ್ಳುತ್ತದೆ. ಬೇಸಗೆಯಲ್ಲಿ ದಡದ ಮಣ್ಣಿನಲ್ಲಿಯೇ ಮೊಟ್ಟೆಯಿಡುತ್ತದೆ. ದಡವನ್ನು ಕಲ್ಲು ಅಥವಾ ಕಾಂಕ್ರೀಟಿನಿಂದ ಕಟ್ಟಿದರೆ ಅದರ ನೆಲೆಯೇ ಇಲ್ಲವಾಗುತ್ತದೆ. ಆದುದರಿಂದ ಮೊಸಳೆಗಳ ಸಂಖ್ಯೆಯನ್ನು ಎಣಿಸಿದರೆ ಸಾಲದು. ಬಿಲಗಳೆಲ್ಲಿವೆ, ಮೊಟ್ಟೆಯಿಡುವ ತಾಣಗಳೆಲ್ಲಿವೆ ಎಂಬುದನ್ನು ನಕ್ಷೆಯಲ್ಲಿ ಗುರುತಿಸಬೇಕು.

ಮೂರನೆಯದಾಗಿ, ಒಟ್ಟು ಪರಿಣಾಮದ ಪ್ರಶ್ನೆ. ಒಂದು ಸೇತುವೆಯ ಕಂಬಗಳು ನೀರನ್ನು ಅಲ್ಪವೇ ತಡೆಯಬಹುದು. ಅದೇ ಹರಿವಿನಲ್ಲಿ ಹೆದ್ದಾರಿಯ ಸೇತುವೆ, ರೈಲು ಸೇತುವೆ, ಕೊಳವೆಮಾರ್ಗದ ದಾಟು ಮತ್ತು ದಂಡೆಯ ಕಟ್ಟಡಗಳು ಸೇರಿದರೆ ಫಲಿತಾಂಶ ಬೇರೆಯೇ ಆಗುತ್ತದೆ. ಪ್ರತಿ ಯೋಜನೆಯೂ ತನ್ನ ಪಾಲನ್ನಷ್ಟೇ ಲೆಕ್ಕ ಹಾಕಿದರೆ ಒಟ್ಟು ಲೆಕ್ಕವನ್ನು ಯಾರೂ ಹಾಕಿದಂತಾಗುವುದಿಲ್ಲ.

ನಾಲ್ಕನೆಯದಾಗಿ, ಪರ್ಯಾಯಗಳ ಪ್ರಶ್ನೆ. ಬೇರೆ ಹಾದಿ, ಬೇರೆ ವಿನ್ಯಾಸ, ಯೋಜನೆಯನ್ನು ಕೈಬಿಟ್ಟರೆ ಆಗುವ ಪರಿಣಾಮ – ಇವುಗಳನ್ನು ಹೋಲಿಸಿ ನೋಡಬೇಕೆಂದು ಆರಂಭದಲ್ಲಿಯೇ ವಿಧಿಸಬೇಕು. ವಿನ್ಯಾಸ ಅಂತಿಮಗೊಂಡು, ಭೂಸ್ವಾಧೀನವಾಗಿ, ಗುತ್ತಿಗೆ ನೀಡಿದ ಮೇಲೆ ಪರ್ಯಾಯದ ಚರ್ಚೆಗೆ ಅರ್ಥ ಉಳಿಯುವುದಿಲ್ಲ.

ವಡೋದರದಲ್ಲಿ ಈ ಪ್ರಶ್ನೆಗಳು ಬರಿಯ ತರ್ಕವಾಗಿ ಉಳಿಯಲಿಲ್ಲ. ವಿಶ್ವಾಮಿತ್ರಿ ನದಿದಂಡೆ ಅಭಿವೃದ್ಧಿ ಯೋಜನೆಯ ವಿಚಾರವಾಗಿ ನಾಗರಿಕರು ಹಸಿರು ನ್ಯಾಯಮಂಡಳಿಯ ಮೊರೆಹೊಕ್ಕಾಗ, ಪರಿಸರ ಅನುಮತಿ ಇಲ್ಲದೆ ಕಾಮಗಾರಿ ನಡೆಸಬಾರದೆಂದು ಮಂಡಳಿಯು 2016ರಲ್ಲಿ ತಡೆ ನೀಡಿತು. ನದಿಯ ಪಾತ್ರ, ಕೊರಕಲು ಮತ್ತು ಪ್ರವಾಹ ಬಯಲುಗಳ ಸಂರಕ್ಷಣೆಗೆ ಕ್ರಮ ಕೈಗೊಳ್ಳಬೇಕೆಂದು 2021ರಲ್ಲಿ ಆದೇಶಿಸಿತು.

ಬೆಂಗಳೂರಿನ ಪಾಠ

ವ್ಯಾಪ್ತಿ ನಿರ್ಣಯದ ಹಂತದಲ್ಲಿ ಆಗುವ ಲೋಪಗಳು ಯೋಜನೆಗೇ ಹೇಗೆ ಮುಳುವಾಗಬಲ್ಲವೆಂಬುದಕ್ಕೆ ಬೆಂಗಳೂರಿನ ಪೆರಿಫೆರಲ್ ವರ್ತುಲ ರಸ್ತೆಯ ಪ್ರಕರಣ ಸಾಕ್ಷಿ. ತುಮಕೂರು ರಸ್ತೆಯಿಂದ ಹೊಸೂರು ರಸ್ತೆಯವರೆಗೆ ಸುಮಾರು 65 ಕಿಲೋಮೀಟರ್ ಉದ್ದದ ಈ ರಸ್ತೆಗೆ 2009ರಲ್ಲಿ ಅಧ್ಯಯನದ ಅಂಶಪಟ್ಟಿ ದೊರೆಯಿತು. ಅದರ ಬೆನ್ನಿಗೇ ಸ್ಥಳದ ಮಾಹಿತಿ ಸಂಗ್ರಹವೂ ನಡೆಯಿತು. ಆದರೆ ಪರಿಸರ ಅನುಮತಿ ದೊರೆತದ್ದು 2014ರ ನವೆಂಬರಿನಲ್ಲಿ. ಅಂಶಪಟ್ಟಿಗೂ ಮೂಲಮಾಹಿತಿಗೂ ಇಂತಿಷ್ಟು ವರ್ಷಗಳ ಮಾನ್ಯತೆ ಎಂಬ ನಿಯಮವಿದೆ. ಐದು ವರ್ಷಗಳಲ್ಲಿ ಬೆಂಗಳೂರಿನಂತಹ ನಗರದ ಹೊರವಲಯ ಗುರುತು ಸಿಗದಷ್ಟು ಬದಲಾಗಿರುತ್ತದೆ. ಅರಣ್ಯಭೂಮಿಯ ವಿವರದಲ್ಲಿಯೂ ಲೋಪವಿತ್ತು. ಮೊದಲಿಗೆ ಕೆಲವು ನೂರು ಮರಗಳೆಂದು ತಿಳಿಸಿದ್ದ ಕಡಿತದ ಸಂಖ್ಯೆ ತರುವಾಯ ಹದಿನಾರು ಸಾವಿರವನ್ನು ಮೀರಿತು.

2019ರ ಫೆಬ್ರವರಿಯಲ್ಲಿ ಹಸಿರು ನ್ಯಾಯಮಂಡಳಿಯು ಹೊಸದಾಗಿ ಕ್ಷಿಪ್ರ ಅಧ್ಯಯನ ನಡೆಸುವಂತೆ ಆದೇಶಿಸಿತು. 2020ರ ಮಾರ್ಚ್ 17ರಂದು ಸರ್ವೋಚ್ಚ ನ್ಯಾಯಾಲಯವೂ ಹೊಸ ಅಧ್ಯಯನ ನಡೆಯಲೇಬೇಕೆಂದು ತೀರ್ಪಿತ್ತಿತು. 2005ರಲ್ಲಿಯೇ ಭೂಸ್ವಾಧೀನದ ಪ್ರಾಥಮಿಕ ಅಧಿಸೂಚನೆ ಹೊರಟಿದ್ದ ಯೋಜನೆಯು ಹದಿನೈದು ವರ್ಷಗಳ ನಂತರ ಅಧ್ಯಯನದ ಹಂತಕ್ಕೆ ಮರಳಿತು. ಈ ನಡುವೆ ಭೂಮಿ ಮಾರಲೂ ಆಗದೆ, ಪರಿಹಾರವೂ ಕೈಸೇರದೆ ಕಾದವರು ರೈತರು. ದಟ್ಟಣೆಯಲ್ಲಿ ಸಿಕ್ಕಿಕೊಂಡವರು ನಗರವಾಸಿಗಳು. ಆರಂಭದಲ್ಲಿ ಉಳಿಸಿದ ಕೆಲವು ತಿಂಗಳುಗಳು ಕೊನೆಯಲ್ಲಿ ವರ್ಷಗಳ ನಷ್ಟವಾಗಿ ಪರಿಣಮಿಸುತ್ತವೆ ಎಂಬುದು ಇದರಿಂದ ತಿಳಿಯುತ್ತದೆ.

ಸಾರ್ವಜನಿಕರ ಪಾತ್ರ

ಮೊದಲೆರಡು ಹಂತಗಳಲ್ಲಿ ಅಹವಾಲು ಸಭೆ ನಡೆಸುವ ನಿಯಮವಿಲ್ಲ. ಆದರೂ ನಾಗರಿಕರಿಗೆ ದಾರಿಗಳಿವೆ. 2018ರಿಂದ ‘ಪರಿವೇಶ್’ ಎಂಬ ಸರ್ಕಾರಿ ಜಾಲತಾಣದಲ್ಲಿ ಅರ್ಜಿ, ಅಂಶಪಟ್ಟಿ ಮತ್ತು ಸಮಿತಿಯ ನಡವಳಿಗಳನ್ನು ನೋಡುವ ವ್ಯವಸ್ಥೆಯಿದೆ. ಊರಿನ ಸಮೀಪಕ್ಕೆ ದೊಡ್ಡ ಯೋಜನೆ ಬರುವ ಸುದ್ದಿ ತಿಳಿದೊಡನೆ ಕೆಲವು ಸಂಗತಿಗಳನ್ನು ಪರೀಕ್ಷಿಸಬಹುದು. ಯೋಜನೆಯನ್ನು ಯಾವ ಬಾಬಿನಡಿ ಸೇರಿಸಲಾಗಿದೆ? ಅರ್ಜಿಯಲ್ಲಿ ಊರಿನ ಕೆರೆ, ಹಳ್ಳ, ಗೋಮಾಳ, ಅರಣ್ಯಗಳ ಉಲ್ಲೇಖವಿದೆಯೆ? ದೊಡ್ಡ ಯೋಜನೆಯೊಂದರ ತುಂಡು ಇದಾಗಿದೆಯೆ? ಮಾಹಿತಿ ಸಂಗ್ರಹಿಸಿದ್ದು ಯಾವ ವರ್ಷ, ಯಾವ ಋತುವಿನಲ್ಲಿ? ಪರ್ಯಾಯಗಳನ್ನು ಹೋಲಿಸಿದ್ದಾರೆಯೆ?

ಲೋಪ ಕಂಡುಬಂದಲ್ಲಿ ಲಿಖಿತವಾಗಿ ಪ್ರಾಧಿಕಾರದ ಗಮನಕ್ಕೆ ತರಬಹುದು. ಮುಂದೆ ಕರಡು ವರದಿ ಸಿದ್ಧವಾದಾಗ ಅದರ ಸಾರಾಂಶವನ್ನು ಸ್ಥಳೀಯ ಭಾಷೆಯಲ್ಲಿ ಒದಗಿಸಬೇಕು. ಅಹವಾಲು ಸಭೆಗೆ ಕನಿಷ್ಠ 30 ದಿನಗಳ ಮುನ್ಸೂಚನೆ ನೀಡಬೇಕು. ಸಭೆಯಲ್ಲಿ ಎತ್ತಿದ ಮುಖ್ಯ ಆಕ್ಷೇಪಗಳಿಗೆ ಅಂತಿಮ ವರದಿಯಲ್ಲಿ ಉತ್ತರಿಸುವುದು ಪ್ರವರ್ತಕರ ಹೊಣೆ. ಅನುಮತಿಯಿಂದ ಬಾಧಿತರಾದವರು 30 ದಿನಗಳೊಳಗೆ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸಬಹುದು. ಸಕಾರಣವಿದ್ದಲ್ಲಿ ಮಂಡಳಿಯು ಇನ್ನೂ 60 ದಿನಗಳವರೆಗೆ ಅವಕಾಶ ನೀಡಬಹುದು.

ಉಪಸಂಹಾರ

ಪರಿಸರ ಅಧ್ಯಯನವೆಂದರೆ ಅಭಿವೃದ್ಧಿಗೆ ಅಡ್ಡಿಯೆಂಬ ಭಾವನೆ ಕೆಲವರಲ್ಲಿದೆ. ಅನುಮತಿ ಪಡೆಯಲು ಬೇಕಾದ ಕಾಗದವಷ್ಟೇ ಎಂಬ ಭಾವನೆ ಇನ್ನು ಕೆಲವರಲ್ಲಿದೆ. ಎರಡೂ ಸರಿಯಲ್ಲ. ಮನೆ ಕಟ್ಟುವವನು ಮೊದಲು ನೆಲದ ಗಟ್ಟಿಯನ್ನೂ ನೀರು ಹರಿದು ಹೋಗುವ ದಿಕ್ಕನ್ನೂ ನೋಡುತ್ತಾನೆ. ನಾಡು ಕಟ್ಟುವ ಕೆಲಸದಲ್ಲಿಯೂ ಇದೇ ಎಚ್ಚರ ಇರಬೇಕು. ಪ್ರಾಥಮಿಕ ಪರಿಶೀಲನೆಯಲ್ಲಿ ಯೋಜನೆಯ ನಿಜವಾದ ಗಾತ್ರವನ್ನು ಮರೆಮಾಚದೆ ಹೇಳಿ, ವ್ಯಾಪ್ತಿ ನಿರ್ಣಯದಲ್ಲಿ ಆ ನೆಲಕ್ಕೆ ತಕ್ಕ ಪ್ರಶ್ನೆಗಳನ್ನು ಕೇಳಿದರೆ ಮುಂದಿನ ಹಂತಗಳು ಸುಗಮವಾಗುತ್ತವೆ. ವಡೋದರದ ಪ್ರವಾಹ ಮತ್ತು ಬೆಂಗಳೂರಿನ ವಿಳಂಬಗಳು ಬೇರೆ ಬೇರೆ ಘಟನೆಗಳಾದರೂ ಅವೆರಡರಿಂದಲೂ ಕಲಿಯಬೇಕಾದುದು ಒಂದೇ: ಕೇಳಬೇಕಾದ ಪ್ರಶ್ನೆಯನ್ನು ಮೊದಲೇ ಕೇಳಬೇಕು. ಅದಕ್ಕೆ ಅಧಿಕಾರಿಗಳ ದಕ್ಷತೆ, ಪರಿಣತರ ಪ್ರಾಮಾಣಿಕತೆ ಮತ್ತು ನಾಗರಿಕರ ಜಾಗೃತಿ – ಈ ಮೂರೂ ಸಮಾನವಾಗಿ ಅಗತ್ಯ.